ನಾಯಿ ಸಾಕು

"ಕಣ್ಣಿಗೆ ಬಿದ್ದ ತಪ್ಪನ್ನ ತಿದ್ದದೆ ಬಿಟ್ಟರೆ ನಾನು ನಮ್ಮಪ್ಪನ ಮಗನೇ ಅಲ್ಲ!"

ಹೀಗೆಂದು ಪ್ರೂಫಪ್ಪ ದಿನಕ್ಕೊಂದು ಸಲವಾದರೂ ಎದೆ ತಟ್ಟಿಕೊಂಡು ಸಾರುತ್ತಿದ್ದ. ಪಕ್ಕದಲ್ಲೇ ಕಾಲು ಚಾಚಿ ಕೂತು ಬಟಾಣಿ ಬಿಡಿಸುತ್ತಿದ್ದ ಅವನ ತಾಯಿ ತಲೆಯನ್ನೂ ಎತ್ತದೆ, "ಅದನ್ನ ಹೇಳ್ಬೇಕಾದೋಳು ನಾನು ಕಣೋ, ನೀನಲ್ಲ" ಎನ್ನುತ್ತಿದ್ದಳು.

ಪ್ರೂಫಪ್ಪ ಎನ್ನುವುದು ಹೆತ್ತವರು ಇಟ್ಟ ಹೆಸರಲ್ಲ, ಅವನು ಕೆಲಸ ಮಾಡುವ ಮುದ್ರಣಾಲಯದವರು ಇಟ್ಟದ್ದು. ಇಪ್ಪತ್ತು ವರ್ಷದಿಂದ ಅಲ್ಲಿ ಪ್ರೂಫ್ ನೋಡುವುದೇ ಅವನ ಕಸುಬು. ಅಚ್ಚಿಗೆ ಹೋಗುವ ಮುಂಚೆ ಹಾಳೆ ಓದಬೇಕು, ತಪ್ಪು ಕಂಡಲ್ಲಿ ಕೆಂಪು ಪೆನ್ನಿನಿಂದ ಬರೆ ಹಾಕಬೇಕು. ಸಂಬಳ ಎಂಟು ಗಂಟೆಗೆ ಕೊಟ್ಟರೂ ಅವನು ಇಪ್ಪತ್ತನಾಲ್ಕು ಗಂಟೆಯೂ ದುಡಿಯುತ್ತಿದ್ದ. ಅಂಗಡಿ ಬೋರ್ಡು, ಔಷಧಿ ಚೀಟಿ, ಬಸ್ಸಿನ ಹಿಂಭಾಗ, ಯಾವುದನ್ನೂ ಬಿಡುತ್ತಿರಲಿಲ್ಲ. ಒಮ್ಮೆ ಸಾವಿನ ಮನೆಗೆ ಹೋದವನು ಬಾಗಿಲಲ್ಲಿ 'ಶ್ರದ್ದಾಂಜಲಿ' ಎಂದು ಬರೆದಿದ್ದ ಫಲಕ ನೋಡಿ, ಅಳುತ್ತ ನಿಂತಿದ್ದ ಹಿರಿಮಗನ ಭುಜ ಹಿಡಿದು, "ಅಯ್ಯೋ, ಮಹಾಪ್ರಾಣ ಹೋಗಿಬಿಟ್ಟಿದೆಯಲ್ರೀ!" ಎಂದ. "ಹೌದು ಸಾರ್, ಮಹಾಪ್ರಾಣಾನೇ ಹೋಯ್ತು" ಎಂದು ಹಿರಿಮಗ ಇನ್ನೂ ಜೋರಾಗಿ ಅತ್ತ. ಪ್ರೂಫಪ್ಪ ಜೇಬಿನಿಂದ ಪೆನ್ನು ತೆಗೆದು, ದಕಾರದ ಹೊಟ್ಟೆ ಸೀಳಿ, ಕೈ ಮುಗಿದು ಬಂದ.

ಹೊರಗಿನವರ ಗತಿಯೇ ಇದಾದರೆ ಹೆಂಡತಿಯ ಗತಿ ಏನು ಹೇಳೋಣ! ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ತೆಗೆಯುವವಳು. ಬೆಳಿಗ್ಗೆ ಆರಕ್ಕೇ ಡ್ಯೂಟಿ. ಗಂಡ ಏಳುವ ಹೊತ್ತಿಗೆ ಅವಳು ಹೊರಟಾಗಿರುತ್ತಿತ್ತು. ಹಾಗಾಗಿ ಸಂಸಾರದ ಮಾತುಕತೆಯೆಲ್ಲ ಫ್ರಿಜ್ಜಿನ ಬಾಗಿಲ ಮೇಲೆ ಚೀಟಿಯಲ್ಲೇ ನಡೆಯುತ್ತಿತ್ತು. ಪ್ರೂಫಪ್ಪ ಆ ಚೀಟಿಗಳನ್ನು ಓದುತ್ತಿರಲಿಲ್ಲ, ತಿದ್ದುತ್ತಿದ್ದ. ಒಂದು ದಿನ 'ಬಚ್ಚಲ ಚಿಲಕ ಸಡಿಲ ಆಗಿದೆ ಸರಿ ಮಾಡಿ' ಎಂದು ಬರೆದು ಹೋಗಿದ್ದಳು. ಮಧ್ಯಾಹ್ನ ಮೂರಕ್ಕೆ ಬಂದು ನೋಡಿದರೆ 'ಸಡಿಲವಾಗಿದೆ' ಎಂದು ಕೂಡಿಸಿ, ಮುಂದೆ ಒಂದು ಚುಕ್ಕೆ, ಕೊನೆಗೆ ಇನ್ನೊಂದು ಚುಕ್ಕೆ ಕೆಂಪಗೆ ಕೂತಿದ್ದವು. ಚಿಲಕ ಮಾತ್ರ ಹಾಗೇ ನೇತಾಡುತ್ತಿತ್ತು. ಸಂಜೆ ಗಂಡ ಒಳಗೆ ಕಾಲಿಡುತ್ತಿದ್ದಂತೆ ಕೇಳಿದಳು:

"ಏನ್ರೀ, ಚಿಲಕ ಸರಿ ಮಾಡಿದ್ರಾ?"

"ವಾಕ್ಯ ಸರಿ ಮಾಡಿದೀನಿ."

"ದಿನಾ ಅರವತ್ತು ಜನರ ರಕ್ತ ಹೀರ್ತೀನಿ ರೀ ನಾನು. ನನ್ನ ರಕ್ತ ಹೀರೋಕೆ ನೀವೊಬ್ರೇ ಸಾಕು! ಕೇಳಿಸ್ಕೊಳ್ಳಿ. ಇನ್ಮೇಲೆ ನನ್ನ ಚೀಟೀಲಿ ಒಂದು ಚುಕ್ಕೇನೂ ಇರಲ್ಲ. ಎಲ್ಲಿ ಏನು ಬೇಕೋ ನೀವೇ ಹಾಕ್ಕೊಂಡು ಓದ್ಕೊಳ್ಳಿ!"

ಶಾಪ ಎನ್ನುವುದು ಹೀಗೆಯೇ ಶುರುವಾಗುವುದು.

ಆ ಸಮಯಕ್ಕೆ ಸರಿಯಾಗಿ ಮುದ್ರಣಾಲಯದ ಬೈಂಡರನ ಮನೆಯಲ್ಲಿ ನಾಯಿ ಆರು ಮರಿ ಹಾಕಿತು. ಐದನ್ನು ಅವನು ಹೇಗೋ ದಾಟಿಸಿದ್ದ. ಆರನೆಯದನ್ನು ಅಂಗಿಯೊಳಗೆ ಇಟ್ಟುಕೊಂಡು ಪ್ರೂಫಪ್ಪನ ಮೇಜಿನ ಮುಂದೆ ಬಂದು ನಿಂತ. "ಪಾಕೆಟ್ ಸೈಜು ಸಾರ್! ಇದಕ್ಕಿಂತ ಒಂದು ಗೇಣೂ ಬೆಳೆಯಲ್ಲ. ಹೇಳಿದ ಮಾತು ಕೇಳುತ್ತೆ."

ಹೇಳಿದ ಮಾತು ಕೇಳುತ್ತದೆ! ಪ್ರೂಫಪ್ಪನ ಎದೆಯೊಳಗೆ ಏನೋ ಜಿನುಗಿತು. ಅವನ ಮನೆಯಲ್ಲಿ ಅವನ ಮಾತನ್ನು ಕೇಳುವ ಜೀವ ಒಂದೂ ಇರಲಿಲ್ಲ. ಕುಕ್ಕರ್ ಕೂಡ ಅವನು ಎಣಿಸಿದಷ್ಟು ಸೀಟಿ ಹಾಕುತ್ತಿರಲಿಲ್ಲ. ಅಂದಿನಿಂದ ಒಂದು ವಾರ ಊಟಕ್ಕೆ ಕೂತರೆ ನಾಯಿ, ಎದ್ದರೆ ನಾಯಿ. "ನಾಯಿ ಸಾಕಿದ ಮನೆಗೆ ಕಳ್ಳ ಬರಲ್ಲ ಕಣೇ." "ಬಂದ್ರೆ ಏನು ಒಯ್ತಾನೆ, ನಿಮ್ಮ ಕೆಂಪು ಪೆನ್ನಾ?" "ನಾಯಿ ಇದ್ರೆ ಮನುಷ್ಯ ಬೆಳಿಗ್ಗೆ ಬೇಗ ಏಳ್ತಾನೆ." "ನಾನು ಏಳ್ತಿಲ್ವಾ? ನನ್ನನ್ನ ಯಾವ ನಾಯಿ ಎಬ್ಬಿಸುತ್ತೆ?" ಕಡೆಗೆ ಅವಳು ಉತ್ತರ ಕೊಡುವುದನ್ನೇ ಬಿಟ್ಟಳು.

ಎಂಟನೆಯ ದಿನ ಬೆಳಿಗ್ಗೆ ಫ್ರಿಜ್ಜಿನ ಮೇಲೆ ಈ ಚೀಟಿ ಇತ್ತು:

'ಹಾಲು ಕಾಸಿದೆ ಅತ್ತೆಗೆ ಮಾತ್ರೆ ಕೊಡಿ ನಾಯಿ ಸಾಕು'

ಪ್ರೂಫಪ್ಪ ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. ಹೆಂಡತಿ ಒಪ್ಪಿಬಿಟ್ಟಿದ್ದಾಳೆ! ಇಷ್ಟು ದಿನ ಬಾಯಲ್ಲಿ ಆಗದು ಎಂದವಳು ಬರಹದಲ್ಲಿ ಅಪ್ಪಣೆ ಕೊಟ್ಟಿದ್ದಾಳೆ! 'ಕಾಸಿದೆ'ಯ ಮುಂದೆ ಒಂದು ಚುಕ್ಕೆ, 'ಕೊಡಿ'ಯ ಮುಂದೆ ಒಂದು ಚುಕ್ಕೆ ಇಟ್ಟ. ಕೊನೆಯಲ್ಲಿ ಮಾತ್ರ ಉದಾರವಾಗಿ ಉದ್ದಕ್ಕೆ ಒಂದು ಆಶ್ಚರ್ಯಸೂಚಕ ಎಳೆದ. ನಾಯಿ ಸಾಕು! ಆ ಸಂಭ್ರಮದಲ್ಲಿ ತಾಯಿಗೆ ಮಾತ್ರೆ ಕೊಡುವುದನ್ನು ಮರೆತು ಹೊರಟೇಬಿಟ್ಟ.

ಅಂದು ಅರ್ಧ ದಿನ ರಜೆ ಹಾಕಿ ಮರಿಯನ್ನು ತಂದ. ಮೂರು ಗಂಟೆಗೆ ಹೆಂಡತಿ ಬಂದಾಗ ಅದು ಅವಳ ದಿಂಬಿನ ಮೇಲೆ ಮಲಗಿತ್ತು. ದಿಂಬಿನ ಒಂದು ಮೂಲೆ ಒದ್ದೆಯಾಗಿತ್ತು.

"ಇದೇನ್ರೀ ಇದು?"

"ನಾಯಿ. ನೀನೇ ಸಾಕು ಅಂದ್ಯಲ್ಲ."

"ನಾನಾ! ಯಾವಾಗ ಅಂದೆ? ಏನು ಪ್ರೂಫು?"

ಈ ಪ್ರಶ್ನೆಗಾಗಿಯೇ ಹುಟ್ಟಿದವನಂತೆ ಪ್ರೂಫಪ್ಪ ಫ್ರಿಜ್ಜಿನ ಕಡೆ ಕೈ ತೋರಿಸಿದ. "ಇಗೋ ಪ್ರೂಫು!"

ಹೆಂಡತಿ ಚೀಟಿ ನೋಡಿದಳು, ಗಂಡನನ್ನು ನೋಡಿದಳು, ದಿಂಬನ್ನು ನೋಡಿದಳು. "ರೀ, ವಾರದಿಂದ ನಾಯಿ ನಾಯಿ ಅಂತ ತಲೆ ತಿಂತಿದ್ದೀರಿ, ಆ ನಾಯಿ ವಿಷಯ ಇನ್ನು ಸಾಕು ಅಂತ ಬರೆದಿದ್ದು! ಸಾಕು ಅಂದ್ರೆ ನಿಲ್ಸಿ ಅಂತ!"

"ಹಾಗಿದ್ರೆ ಸರಿಯಾಗಿ ಚಿಹ್ನೆ ಹಾಕಿ ಬರೀಬೇಕಿತ್ತು" ಎಂದ ಪ್ರೂಫಪ್ಪ, ಜಂಬ ಬಿಡದೆ. "ಆಗಿದ್ದು ಆಯ್ತು. ಎರಡೇ ತಿಂಗಳು ಟೈಮ್ ಕೊಡು. ಈ ನಾಯಿ ಈ ಬೀದಿಗೇ ಶಿಸ್ತು ಕಲಿಸದಿದ್ರೆ ನನ್ನ ಕೆಂಪು ಪೆನ್ನು ಮುರಿದು ಎಸೀತೀನಿ!"

ತಾಯಿ ಒಳಗಿನಿಂದ ಕೂಗಿದಳು: "ಮೊದ್ಲು ನನ್ನ ಮಾತ್ರೆ ಕೊಡೋ, ಶಿಸ್ತಿನ ಸಿಪಾಯಿ!"

ನಾಯಿಗೆ ಅವನು 'ಸಾರ್ವಭೌಮ' ಎಂದು ಹೆಸರಿಟ್ಟ. "ಹೆಸರಿನ ಹೊಟ್ಟೇಲೇ 'ಭೌ' ಇದೆ ನೋಡು, ಅದೂ ಮಹಾಪ್ರಾಣ!" ಎಂದು ಬೀಗಿದ. ತಾಯಿಗೆ ಆ ಹೆಸರು ಬಾಯಿಗೇ ಬರಲಿಲ್ಲ. "ಸಾರು ಬೇಕಮ್ಮಾ ಅಂದಂಗಿದೆ" ಎಂದು ಬಿಟ್ಟುಬಿಟ್ಟಳು. ನಾಲ್ಕು ತಿಂಗಳಲ್ಲಿ ಪಾಕೆಟ್ ಸೈಜು ಕರುವಿನ ಸೈಜಾಯಿತು. ಬೈಂಡರನನ್ನು ಕೇಳಿದರೆ, "ಒಳ್ಳೆ ಮನೆ ಅನ್ನ ಸಾರ್, ಮೈಗೆ ಹತ್ತಿದೆ" ಎಂದ.

ಸಾರ್ವಭೌಮನ ದಿಗ್ವಿಜಯ ಚಪ್ಪಲಿಯಿಂದ ಶುರುವಾಯಿತು. ಅದು ಹೆಂಡತಿಯ ಹೊಸ ಚಪ್ಪಲಿಯನ್ನು ಹೊಟ್ಟೆಗೆ ಹಾಕಿಕೊಂಡಿತು. ಅವಳು ಆ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಲಿಲ್ಲ. ಮುಂದೆ ಸೋಫಾದ ಕೈ, ಟಿವಿ ರಿಮೋಟು, ತಾಯಿಯ ಊರುಗೋಲಿನ ತುದಿ. ಒಂದು ಭಾನುವಾರ ಪ್ರೂಫಪ್ಪ ಮನೆಗೆ ತಂದಿದ್ದ ಭೂಗೋಳ ಪಾಠದ ಹಾಳೆಗಳ ಮೇಲೆ ಕಾಲೆತ್ತಿ ಏಳೂ ಖಂಡಗಳನ್ನು ಸಮುದ್ರದಲ್ಲಿ ಮುಳುಗಿಸಿತು. ಜಗತ್ತಿನಲ್ಲಿ ವಾಟರ್‌ಪ್ರೂಫ್ ಎನ್ನುವುದು ಏನೆಲ್ಲ ಇದೆ, ಪ್ರೂಫಪ್ಪನ ಪ್ರೂಫಿಗೆ ಮಾತ್ರ ಆ ಭಾಗ್ಯವಿರಲಿಲ್ಲ. ಬೆಳಿಗ್ಗೆ ಐದೂವರೆಗೆ ನಾಯಿ ಸರಪಳಿ ಎಳೆದುಕೊಂಡು ಮುಂದೆ ಓಡುತ್ತಿತ್ತು, ಇನ್ನೊಂದು ತುದಿಯಲ್ಲಿ ಪ್ರೂಫಪ್ಪ ಒಂದೇ ಚಪ್ಪಲಿಯಲ್ಲಿ ಹಾರುತ್ತಿದ್ದ. "ಯಾರು ಯಾರನ್ನ ವಾಕಿಂಗ್ ಕರ್ಕೊಂಡು ಹೊರಟಿದ್ದು?" ಎಂದು ಹಾಲಿನವನು ದಿನವೂ ಕೇಳುತ್ತಿದ್ದ.

ಇಷ್ಟೆಲ್ಲದರ ನಡುವೆ ಮನೆಯಲ್ಲಿ ಒಂದು ಮಾತು ಮಾತ್ರ ಬಿಡುವಿಲ್ಲದೆ ಕೇಳುತ್ತಿತ್ತು. ನಾಯಿ ಮೈಮೇಲೆ ಹಾರಿದರೆ ಹೆಂಡತಿ "ಸಾಕು!" ಎನ್ನುವಳು. ಬೊಗಳಿದರೆ ಪಕ್ಕದ ಮನೆಯವರು ಗೋಡೆಯಾಚೆಯಿಂದ "ಸಾಕು!" ಎನ್ನುವರು. ಪರದೆ ಎಳೆದರೆ ಪ್ರೂಫಪ್ಪನೇ "ಸಾಕು, ಸಾಕು!" ಎಂದು ಓಡಿ ಬರುವನು. ತಾಯಿಗಂತೂ ಮಂಡಿನೋವು. ಕೂತರೂ ಎದ್ದರೂ "ಸಾಕಪ್ಪಾ ಸಾಕು" ಎಂದೇ ಅವಳ ಉಸಿರು. ಒಂದು ದಿನ ಅವಳೇ ಗುಟ್ಟು ಬಿಡಿಸಿದಳು.

"ನೋಡೋ ಇಲ್ಲಿ. ನಾನು 'ಸಾಕಪ್ಪಾ' ಅಂದ್ರೆ ಎಲ್ಲಿದ್ರೂ ಓಡಿ ಬಂದು ತೊಡೆ ಮೇಲೆ ತಲೆ ಇಡುತ್ತೆ. ಇದು ತನ್ನ ಹೆಸರೇ 'ಸಾಕು' ಅಂದ್ಕೊಂಡಿದೆ ಕಣೋ!"

"ಹುಚ್ಚು ಮಾತು! ಅದಕ್ಕೆ ತನ್ನ ಹೆಸರು ಚೆನ್ನಾಗಿ ಗೊತ್ತು." ಪ್ರೂಫಪ್ಪ ಅಂಗಳಕ್ಕೆ ಹೋಗಿ ಗಂಟಲು ಸರಿಪಡಿಸಿಕೊಂಡು, "ಸಾರ್ವಭೌಮಾ!" ಎಂದು ಕರೆದ. ನಾಯಿ ಹಿಂದಕ್ಕೆ ತಿರುಗಿ, ಯಾರೋ ಬಂದಿರಬೇಕು ಎಂದು ಗೇಟಿನ ಕಡೆ ನೋಡಿತು.

ಅಚ್ಚರಿಯೆಂದರೆ, ಅಷ್ಟರಲ್ಲಿ ಮನೆಯ ಹೆಂಗಸರಿಬ್ಬರೂ ಆ ನಾಯಿಗೆ ಸೋತುಹೋಗಿದ್ದರು. ಮೂರು ಗಂಟೆಗೆ ದಣಿದು ಬರುವ ಹೆಂಡತಿಗೆ ಗೇಟಿನಲ್ಲೇ ಒಬ್ಬರು ಕುಣಿದು ಸ್ವಾಗತ ಕೊಡುವುದು ಮದುವೆಯಾದ ಮೇಲೆ ಇದೇ ಮೊದಲು. "ಹೇಳಿದ್ದನ್ನೆಲ್ಲ ಕೇಳಿಸ್ಕೊಳ್ಳುತ್ತೆ. ಮಧ್ಯೆ ಬಾಯಿ ಹಾಕಿ ತಿದ್ದಲ್ಲ" ಎನ್ನುತ್ತಿದ್ದಳು.

ಪ್ರೂಫಪ್ಪನ ಮನಸ್ಸು ಬೇರೆಲ್ಲೋ ಇತ್ತು. ಮುದ್ರಣಾಲಯಕ್ಕೆ ಒಂದು ದೊಡ್ಡ ನಿಘಂಟಿನ ಕೆಲಸ ಬಂದಿತ್ತು. ಅದರ ಪ್ರೂಫ್ ಪೂರ್ತಿ ಒಬ್ಬರ ಜವಾಬ್ದಾರಿ. ಅವರ ಹೆಸರು ಮೊದಲ ಪುಟದಲ್ಲೇ ಅಚ್ಚಾಗುವುದು! ಇಪ್ಪತ್ತು ವರ್ಷ ಊರವರ ಹೆಸರನ್ನೆಲ್ಲ ತಿದ್ದಿದ ಪ್ರೂಫಪ್ಪನ ಹೆಸರು ಈವರೆಗೆ ಎಲ್ಲೂ ಅಚ್ಚಾಗಿರಲಿಲ್ಲ. ಸಂಬಳದ ಪಟ್ಟಿಯಲ್ಲಿ ಬರುತ್ತಿತ್ತು, ಅದೂ ಕೊಂಬು ತಪ್ಪಿ. ಈ ನಿಘಂಟು ಸಿಕ್ಕರೆ ಜನ್ಮ ಸಾರ್ಥಕ ಎಂದು ರಟ್ಟಿನ ಮೇಲೆ ತನ್ನ ಹೆಸರನ್ನು ಮೂರು ಗಾತ್ರದಲ್ಲಿ ಬರೆದು ದೂರದಿಂದ ನೋಡಿಕೊಂಡಿದ್ದ. ಅಡ್ಡಿಯೆಂದರೆ ಪಕ್ಕದ ಮೇಜಿನ ಮೇಡಂ ಒಬ್ಬರೇ. ಅವರೂ ಪ್ರೂಫ್ ನೋಡುವವರೇ. ಮಾತು ಕಮ್ಮಿ, ತಪ್ಪು ಇನ್ನೂ ಕಮ್ಮಿ.

ಮುದ್ರಣಾಲಯದ ಯಜಮಾನರಿಗೆ ಒಂದು ಪದ್ಧತಿ ಇತ್ತು. ದೊಡ್ಡ ಜವಾಬ್ದಾರಿ ಕೊಡುವ ಮುಂಚೆ ಆ ಮನುಷ್ಯನ ಮನೆಯಲ್ಲಿ ಒಂದು ಹೊತ್ತು ಊಟ ಮಾಡುವುದು. "ಪುಸ್ತಕಕ್ಕೆ ಮುಖಪುಟ ಹೇಗೋ ಮನುಷ್ಯನಿಗೆ ಮನೆ ಹಾಗೆ" ಎನ್ನುತ್ತಿದ್ದರು. ಮೇಡಂ ಮನೆಯ ಊಟ ಹಿಂದಿನ ವಾರ ಆಗಿತ್ತು. ಈ ಭಾನುವಾರ ಪ್ರೂಫಪ್ಪನ ಸರದಿ.

ಅಂದು ಬೆಳಿಗ್ಗೆಯೇ ಅವನು ನಾಯಿಯನ್ನು ಬಚ್ಚಲಿಗೆ ತಳ್ಳಿ ಬಾಗಿಲು ಹಾಕಿದ.

"ಚಿಲಕ ನಿಲ್ಲುತ್ತೇನ್ರೀ?" ಹೆಂಡತಿ ಕೇಳಿದಳು.

"ಅದನ್ನ ಅವತ್ತೇ ಸರಿ ಮಾಡಿದ್ದೆ."

"ವಾಕ್ಯಾನಾ, ಚಿಲಕಾನಾ?"

ಅಷ್ಟರಲ್ಲಿ ಗೇಟಿನ ಸದ್ದಾಯಿತು.

ಯಜಮಾನರು ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ, ಇನ್ನೂ ಅಚ್ಚಾಗದ ಹಾಳೆಯ ಹಾಗೆ ಬಂದು ಕೂತರು. ಎರಡು ತುತ್ತು ಆಗುವಷ್ಟರಲ್ಲಿ ಖುಷಿಯಾದರು. "ಅಡುಗೆ ಅಚ್ಚುಕಟ್ಟು. ನಿಮ್ಮ ಬಗ್ಗೆ ನನಗೆ ಮುಂಚಿಂದಲೂ ನಂಬಿಕೆ ಇದೆ ಕಣ್ರೀ. ನಾಳೆ ಬೆಳಿಗ್ಗೆ ನನ್ನ ಕೋಣೆಗೆ ಬನ್ನಿ" ಎಂದರು. ಪ್ರೂಫಪ್ಪನ ಕಣ್ಣ ಮುಂದೆ ತನ್ನ ಹೆಸರು ದಪ್ಪಕ್ಷರದಲ್ಲಿ ಕುಣಿಯಿತು. ಬಡಿಸುವ ಕೆಲಸ ಅವನ ತಾಯಿಯದು. ಬಡಿಸುವುದರಲ್ಲಿ ಆಕೆ ಕರ್ಣ, ಕೈಗೆ ತಡೆಯೇ ಇಲ್ಲ. ಅನ್ನದ ಸೌಟು ತಟ್ಟೆಯ ಮೇಲೆ ಬಂತು.

"ಸಾಕಮ್ಮ" ಎಂದರು ಯಜಮಾನರು, ಮೆತ್ತಗೆ.

ಬಚ್ಚಲಲ್ಲಿ ಏನೋ ಎದ್ದು ನಿಂತ ಸದ್ದು. ಪ್ರೂಫಪ್ಪ ಜೋರಾಗಿ ಕೆಮ್ಮಿದ.

"ಇನ್ನೊಂದೇ ಒಂದು ಸೌಟು" ಎಂದಳು ತಾಯಿ.

"ಸಾಕು, ಸಾಕು."

ಬಕೆಟ್ಟು ಉರುಳಿತು. "ಏನದು?" ಎಂದರು ಯಜಮಾನರು. "ನಲ್ಲಿ ಸಾರ್" ಎಂದ ಪ್ರೂಫಪ್ಪ. ತಾಯಿ ಸೌಟನ್ನು ಮತ್ತೆ ಎತ್ತಿದಳು. ಯಜಮಾನರು ಎರಡೂ ಕೈಯನ್ನು ತಟ್ಟೆಗೆ ಅಡ್ಡ ಹಿಡಿದು, ನಗುನಗುತ್ತ, ಮನೆ ತುಂಬ ಕೇಳುವಂತೆ ಕೂಗಿದರು: "ಸಾಕೂ! ಸಾಕೂ!"

ಇಷ್ಟು ಪ್ರೀತಿಯಿಂದ ಈವರೆಗೆ ಆ ನಾಯಿಯನ್ನು ಯಾರೂ ಕರೆದಿರಲಿಲ್ಲ. ಚಿಲಕ ಟಣ್ ಎಂದು ಹಾರಿತು. ಮೈಯೆಲ್ಲ ನೀರು, ಕೊರಳಲ್ಲಿ ಬಕೆಟ್ಟಿನ ಹಿಡಿ, ಕರುವಿನ ಗಾತ್ರದ ಸಾರ್ವಭೌಮ ನಡುಮನೆಗೆ ದಂಡೆತ್ತಿ ಬಂದಿತು! ಒಂದೇ ನೆಗೆತಕ್ಕೆ ಯಜಮಾನರ ತೊಡೆಯ ಮೇಲೆ ಹತ್ತಿತು. ತಟ್ಟೆ ಬಿಳಿ ಅಂಗಿಯ ಮೇಲೆ ಮಗುಚಿತು. ಅಂಗಿಯ ಮೇಲಿನದನ್ನು ಸಿಕ್ಕಷ್ಟು ಗಬಗಬನೆ ತಿಂದು, ಉಳಿದದ್ದಕ್ಕೆ ಅವರ ಮುಖ ನೆಕ್ಕತೊಡಗಿತು.

"ಸಾರ್ವಭೌಮಾ, ಇಳಿ!" ಎಂದು ಪ್ರೂಫಪ್ಪ ಕಿರುಚಿದ. ಅದು ಯಾರನ್ನೋ ಕರೆಯುತ್ತಿದ್ದಾನೆ ಎಂದುಕೊಂಡು ನಾಯಿ ನೆಕ್ಕುವುದನ್ನು ಮುಂದುವರಿಸಿತು. ಆಗ ಬಾಯಿತಪ್ಪಿ ಅಭ್ಯಾಸದ ಮಾತು ಬಂದೇಬಿಟ್ಟಿತು. "ಸಾಕು! ಏಯ್, ಸಾಕು ಅಂದ್ರೆ ಸಾಕು!" ನಾಯಿಯ ಬಾಲ ಫ್ಯಾನಿನಂತೆ ತಿರುಗಿತು.

"ಅಯ್ಯೋ ಸಾಕ್ರಯ್ಯಾ! ಸಾಕೂ!" ಯಜಮಾನರು ಕುರ್ಚಿ ಸಮೇತ ಹಿಂದಕ್ಕೆ ವಾಲುತ್ತ ಒದರಿದರು. ಪಕ್ಕದ ಮನೆಯವರು ಗೋಡೆಯಾಚೆಯಿಂದ ತಾವೂ "ಸಾಕು!" ಎಂದು ದನಿಗೂಡಿಸಿದರು. ಸಾಕು ಎಂದಷ್ಟೂ ಸಾಲದು ಎನ್ನುವಂತೆ ನಾಯಿ ಎಲ್ಲರ ಕರೆಗೂ ಓಗೊಟ್ಟಿತು.

ಹೆಂಡತಿ ಅಡುಗೆಮನೆಯಿಂದ ಓಡಿ ಬಂದಳು. "ಸಾರ್, ದಮ್ಮಯ್ಯ, 'ಸಾಕು' ಅನ್ಬೇಡಿ! ಅದರ ಹೆಸರೇ ಅದು! ಬೇಕಾದ್ರೆ 'ಬೇಕು' ಅನ್ನಿ!"

"ಬೇಕು!" ಎಂದು ಯಜಮಾನರು ಪ್ರಾಣಭಯದಿಂದ ಕೂಗಿದರು. "ಬೇಕು, ಬೇಕು, ಬೇಕು!"

"ಹಾಗೆ ಹೇಳಿ ಮತ್ತೆ, ಸಂಕೋಚ ಯಾಕೆ" ಎಂದು ತಾಯಿ ಮೂರು ಸೌಟು ಅನ್ನವನ್ನು ಅವರ ಮಡಿಲಿಗೇ ಸುರಿದಳು.

ಕೊನೆಗೆ ಹೆಂಡತಿ ಕೊರಳಪಟ್ಟಿ ಹಿಡಿದು ಎಳೆದ ಮೇಲೆ ನಾಯಿ ಇಳಿದು ಅವಳ ಕಾಲ ಬಳಿ ಸಭ್ಯವಾಗಿ ಕೂತಿತು. ಯಜಮಾನರು ಟವೆಲಿನಿಂದ ಮುಖ ಒರೆಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದರು: "ನಾಯಿಗೆ ಯಾರಾದ್ರೂ 'ಸಾಕು' ಅಂತ ಹೆಸರಿಡ್ತಾರೇನ್ರೀ?"

ಪ್ರೂಫಪ್ಪ ಕಣ್ಣಲ್ಲೇ ಬೇಡಿಕೊಂಡ. ಆದರೆ ಹೆಂಡತಿಗೆ ಎಷ್ಟೋ ದಿನದಿಂದ ತಿದ್ದಿಸಿಕೊಂಡ ಸಿಟ್ಟು ಇತ್ತು. ಚುಕ್ಕೆ, ಕೊಂಬು, ಕೆಂಪು ಪೆನ್ನು ಒಂದನ್ನೂ ಬಿಡದೆ ಎಲ್ಲ ಹೇಳಿದಳು. ಹೇಳಿದ್ದಷ್ಟೇ ಅಲ್ಲ, ಫ್ರಿಜ್ಜಿನ ಮೇಲೆ ಇನ್ನೂ ಅಂಟಿದ್ದ ಆ ಚೀಟಿಯನ್ನು ತಂದು ಕೈಗಿತ್ತಳು. ಯಜಮಾನರು ಕನ್ನಡಕದ ಮೇಲಿನ ಅನ್ನ ತೆಗೆದು ಓದಿದರು. ಆಶ್ಚರ್ಯಸೂಚಕದ ಮೇಲೆ ಬೆರಳಿಟ್ಟರು.

"ಇದು ನಿಮ್ಮದಾ?"

"ಹೌದು ಸಾರ್" ಎಂದ ಪ್ರೂಫಪ್ಪ, ಸಣ್ಣ ದನಿಯಲ್ಲಿ.

"ಎರಡು ಪದ ಕಣ್ರೀ! ಕಟ್ಟಿಕೊಂಡ ಹೆಂಡತಿ ಬರೆದ ಎರಡು ಪದ! ಅದರ ಅರ್ಥ ಗೊತ್ತಾಗದವರ ಕೈಗೆ ಎಪ್ಪತ್ತು ಸಾವಿರ ಪದದ ನಿಘಂಟು ಕೊಡೋಕೆ ಹೊರಟಿದ್ನಲ್ಲ ನಾನು!" ಎಂದು ಎದ್ದರು. "ನಾಳೆ ನನ್ನ ಕೋಣೆಗೆ ಬರೋದು ಬೇಡ. ಊಟ ಚೆನ್ನಾಗಿತ್ತಮ್ಮ" ಎಂದು ಅಂಗಿಯ ಮೇಲೆ ಅರ್ಧ ಊಟ ಹೊತ್ತುಕೊಂಡೇ ಹೋದರು.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ಕಲಗಚ್ಚಿನ ಬಾನಿಗೆ ಬಿದ್ದಂತಾಯಿತು. ಆದರೆ ಬಾನಿಯಲ್ಲಿ ಬಿದ್ದ ಹಲ್ಲಿಯೂ ಲೊಚಗುಟ್ಟುವುದನ್ನು ಬಿಡುವುದಿಲ್ಲ. ಪ್ರೂಫಪ್ಪ ನಡುಮನೆಯಲ್ಲಿ ನಿಂತು ಗುಡುಗಿದ. "ನನ್ನ ಇಪ್ಪತ್ತು ವರ್ಷ ಮಣ್ಣುಪಾಲು ಮಾಡಿತು! ನಾಳೆಯೇ ಇದನ್ನ ಬೈಂಡರನ ಮನೆಗೆ ಬಿಟ್ಟು ಬರ್ತೀನಿ. ಈ ಮನೇಲಿ ಒಂದೋ ನಾನಿರ್ಬೇಕು, ಇಲ್ಲ ಈ ನಾಯಿ ಇರ್ಬೇಕು. ಯಾರು ಬೇಕು ಅಂತ ನೀವಿಬ್ರೇ ತೀರ್ಮಾನ ಮಾಡಿ!"

ಅತ್ತೆ ಸೊಸೆಯ ಮುಖ ನೋಡಿದಳು, ಸೊಸೆ ಅತ್ತೆಯ ಮುಖ ನೋಡಿದಳು.

"ದುಡುಕೋದು ಬೇಡ" ಎಂದಳು ಹೆಂಡತಿ. "ಯೋಚ್ನೆ ಮಾಡಿ ಚೀಟಿ ಬರೆದಿಡ್ತೀನಿ."

ಮರುದಿನ ನಿಘಂಟು ಪಕ್ಕದ ಮೇಜಿಗೆ ಹೋಯಿತು. ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವಲ್ಲವಾದ್ದರಿಂದ ಮೇಡಂ ಕೆಲವು ಹಾಳೆಗಳನ್ನು ಇವನಿಗೂ ಹಂಚಿದರು. ಅಕಾರದಿಂದ ಶುರು ಮಾಡಿ ಎಲ್ಲರಿಗೂ ಕೊಟ್ಟವರು ಇವನಿಗೆ ಮಾತ್ರ ಸಕಾರದ ಹಾಳೆ ಕೊಟ್ಟರು. ಯಜಮಾನರ ಬಾಯಿಂದ ಕೇಳಿದ ಬೈಂಡರ್ ಆಗಲೇ ಕಥೆಯನ್ನು ಎಲ್ಲರಿಗೂ ಹಂಚಿದ್ದ. ಹಾಳೆಯ ನಡುವೆ ಆ ಪದ ಕೂತಿತ್ತು. 'ಸಾಕು: ೧. ಪೋಷಿಸು, ಸಲಹು. ೨. ನಿಲ್ಲಿಸು ಎಂಬ ಸೂಚನೆ. ೩. ಇದೊಂದಿದ್ದರೆ ತುಂಬಿತು, ಬೇರೆಯದರ ಅಗತ್ಯವಿಲ್ಲ.' ಪಕ್ಕದಲ್ಲಿ ಮೇಡಂ ಕೈಯ ಪೆನ್ಸಿಲ್ ಬರಹ: 'ಈ ಪದವನ್ನು ತಾವೇ ನೋಡಿದರೆ ಚೆನ್ನ.'

ಪ್ರೂಫಪ್ಪ ಕೆಂಪಾದ. ಪೆನ್ನೂ ಕೆಂಪಾಯಿತು. ಮೂರನೆಯ ಅರ್ಥವನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿದ. ಎರಡನೆಯದರಲ್ಲೇ ಅದೂ ಬಂತಲ್ಲ, ಸುಮ್ಮನೆ ಜಾಗ ದಂಡ. ಈ ಪದದಿಂದ ಪಟ್ಟ ಪಾಡಿಗೆ ಎರಡರ್ಥವೇ ಹೆಚ್ಚಾಯಿತು! ಇನ್ನೂ ಏನೇನು ಹೊಡೆದುಹಾಕಬಹುದು ಎಂದು ನೋಡಲು ಹಾಳೆಯನ್ನು ಚೀಲಕ್ಕೆ ತುರುಕಿಕೊಂಡು ಸಂಜೆ ಮನೆಗೆ ಬಂದ.

ಮನೆಗೆ ಬೀಗ. ತನ್ನ ಬೀಗದ ಕೈಯಿಂದ ತೆಗೆದು ಒಳಗೆ ಬಂದರೆ ತಾಯಿ ಇಲ್ಲ, ಹೆಂಡತಿ ಇಲ್ಲ, ನಾಯಿಯೂ ಇಲ್ಲ. ಮೈಮೇಲೆ ಹಾರುವವರಿಲ್ಲದೆ ಮನೆ ಬಣಗುಟ್ಟುತ್ತಿತ್ತು. ಹಾಳಾದ್ದು, ಬಾಗಿಲಲ್ಲೇ ಅದನ್ನು ಹುಡುಕಿತು ಕಣ್ಣು! ಫ್ರಿಜ್ಜಿನ ಮೇಲೆ ಚೀಟಿ ಇತ್ತು. ಓದುವ ಮುಂಚೆಯೇ ಕೈ ಜೇಬಿನ ಪೆನ್ನಿಗೆ ಹೋಯಿತು.

'ನಾವು ನನ್ನ ತಂಗಿಯ ಮನೆಗೆ ಹೊರಟಿದ್ದೇವೆ, ಗುರುವಾರ ಬರುತ್ತೇವೆ. ಅನ್ನ ಮಾಡಿಟ್ಟಿದೆ, ಬಿಸಿ ಮಾಡಿಕೊಳ್ಳಿ. ನಿನ್ನೆ ನೀವು "ಯಾರು ಬೇಕು?" ಎಂದು ಕೇಳಿದ್ದಿರಿ. ಅತ್ತೆಯವರೂ ನಾನೂ ಕೂತು ಯೋಚಿಸಿದೆವು. ನಮಗೆ ನಾಯಿ ಸಾಕು.'

ಪ್ರೂಫಪ್ಪ ಮೊದಲಿಂದ ಕೊನೆಯವರೆಗೆ ಓದಿದ. ಕೊನೆಯಿಂದ ಮೊದಲವರೆಗೆ ಓದಿದ. ಅಲ್ಪವಿರಾಮ ಅದರ ಜಾಗದಲ್ಲಿತ್ತು. ಚುಕ್ಕೆ ಅದರ ಜಾಗದಲ್ಲಿತ್ತು. ಪ್ರಶ್ನೆಗೆ ಪ್ರಶ್ನಾರ್ಥಕ, ಮಾತಿಗೆ ಉದ್ಧರಣೆ. ಕಡೆಯಲ್ಲಿ ದುಂಡಗೆ, ದಪ್ಪಗೆ, ಒತ್ತಿ ಇಟ್ಟ ಪೂರ್ಣವಿರಾಮ. ಇಪ್ಪತ್ತು ವರ್ಷದಲ್ಲಿ ಇಷ್ಟು ಶುದ್ಧವಾದ ಬರಹ ಅವನ ಕೈಗೆ ಬಂದಿರಲಿಲ್ಲ. ತಿದ್ದಲು ಒಂದು ಚುಕ್ಕೆಯೂ ಇರಲಿಲ್ಲ.

ಅವನು ಅಲ್ಲೇ ಕುರ್ಚಿ ಎಳೆದು ಕೂತ. ಚೀಲದಿಂದ ನಿಘಂಟಿನ ಹಾಳೆ ತೆಗೆದು ಮೊಣಕಾಲ ಮೇಲೆ ಹರಡಿದ. ಕೆಂಪು ಪೆನ್ನಿನ ಮುಚ್ಚಳ ತೆರೆದು, ತಾನೇ ಹೊಡೆದುಹಾಕಿದ್ದ ಮೂರನೆಯ ಅರ್ಥದ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಬರೆದ: 'ಇರಲಿ.'